ಬರಿ ಸ್ಲ್ಯಾಬ್ ಹಾಕಿ ಮನೆ ಮುಗೀತು ಅನ್ನಬೇಡಿ: ವಸತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವಸತಿ ಸಚಿವರಿಗೆ ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ ನಮಸ್ಕಾರಗಳು.

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ ಮತ್ತು ಬಾಗಲಕೋಟೆಯಲ್ಲಿ, ಸರಕಾರಿ ಕಚೇರಿಗಳ ವೇಳೆ ಸಾಮಾನ್ಯವಾಗಿ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಕ್ತಾಯ. ಇಲ್ಲಿನ ಬಿಸಿಲು ಬೆಂಗಳೂರಿನ ಬಿಸಿಲಲ್ಲ ಅಂತ ಸರಕಾರವೇ ಒಪ್ಪಿಕೊಂಡ ಹಾಗಾಯಿತು. ಒಳ್ಳೆಯ ನಿರ್ಧಾರ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಆ ನೌಕರರು 1.30ಕ್ಕೆ ಎಲ್ಲಿಗೆ ಹೋಗುತ್ತಾರೆ? ಮನೆಗೆ. ಆ ಮನೆಯ ಮೇಲೆ ಬೆಳಿಗ್ಗೆಯಿಂದ ಕಾದ ಸಿಮೆಂಟ್ ಸ್ಲ್ಯಾಬ್ ಇರುತ್ತದೆ. ಅದರ ಬಿಸಿ ಒಳಗೆ ಇಳಿಯೋಕೆ ಶುರುವಾಗೋದೇ ಆ ಹೊತ್ತಿಗೆ.

ನಾನು ಕಲಬುರಗಿಯಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವನು. ನಮ್ಮ ಕಡೆ ಲಕ್ಷಾಂತರ ಜನ ಇಂಥದ್ದೇ ಮನೆಗಳಲ್ಲಿದ್ದಾರೆ. ಕೆಲವರು ಸ್ವಂತ ದುಡ್ಡಿನಲ್ಲಿ ಕಟ್ಟಿಕೊಂಡಿದ್ದಾರೆ, ಕೆಲವರು ಬ್ಯಾಂಕ್ ಸಾಲದಲ್ಲಿ, ಇನ್ನು ಕೆಲವರು ನಿಮ್ಮ ಇಲಾಖೆಯ ಬಸವ ವಸತಿ, ಅಂಬೇಡ್ಕರ್ ನಿವಾಸ್ ಯೋಜನೆಗಳಲ್ಲಿ. ಗೋಡೆ ಬೇರೆ ಬೇರೆ ಇರಬಹುದು, ತಲೆ ಮೇಲಿರೋದು ಮಾತ್ರ ಒಂದೇ. ನಾಲ್ಕೂವರೆ-ಐದು ಇಂಚಿನ ಕಾಂಕ್ರೀಟು, ಮೇಲೆ ಏನೂ ಇಲ್ಲ. ನಾನು ಈ ಪತ್ರದಲ್ಲಿ ಕೇಳುತ್ತಿರುವುದು ಒಂದೇ ಒಂದು. ನಮ್ಮ ಬಿಸಿಲು ಜಿಲ್ಲೆಗಳಲ್ಲಿ ಸ್ಲ್ಯಾಬಿನ ಮೇಲ್ಮೈಗೆ ಬಿಸಿಲು ತಡೆಯುವ ಹೊದಿಕೆ ಆಗುವವರೆಗೆ ಮನೆ ಪೂರ್ತಿಯಾಯಿತು ಅಂತ ಲೆಕ್ಕ ಹಿಡಿಯಬೇಡಿ.

ಛಾವಣಿಯ ಬಗ್ಗೆಯೇ ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು ಬೀಳೋದೇ ಅಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುಮಧ್ಯಾಹ್ನ ನಿಂತ ಕಂಬಕ್ಕೂ ನೆರಳಿರುವುದಿಲ್ಲ. ಪೂರ್ವದ ಗೋಡೆಗೆ ಬೆಳಿಗ್ಗೆ ಬಿಸಿಲು, ಪಶ್ಚಿಮದ ಗೋಡೆಗೆ ಸಂಜೆ ಬಿಸಿಲು. ದಕ್ಷಿಣದ ಗೋಡೆಗೆ ಆ ದಿನಗಳಲ್ಲಿ ಹೆಚ್ಚೇನೂ ಬೀಳುವುದಿಲ್ಲ. ಮಾಳಿಗೆಗೆ ಮಾತ್ರ ದಿನವಿಡೀ ಬಿಡುವಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ಬೇಸಿಗೆಯ ನಡುಮಧ್ಯಾಹ್ನ ಒಂದು ಚದರ ಮೀಟರ್ ಜಾಗಕ್ಕೆ ಬೀಳುವ ಬಿಸಿಲಿನ ಶಕ್ತಿ ಹತ್ತಿರ ಹತ್ತಿರ 1,000 ವ್ಯಾಟ್. 800 ಚದರಡಿ ಮಾಳಿಗೆ ಅಂದರೆ ಸುಮಾರು 74 ಚದರ ಮೀಟರ್. ಅಂದರೆ 70 ಕಿಲೋವ್ಯಾಟಿಗೂ ಜಾಸ್ತಿ ಶಕ್ತಿ ಒಂದು ಸಾಧಾರಣ ಮನೆಯ ತಲೆ ಮೇಲೆ ಸುರಿಯುತ್ತಿರುತ್ತದೆ. ಒಂದು ಟನ್ನಿನ ಎಸಿ ಕೋಣೆಯಿಂದ ಹೊರಗೆ ಹಾಕಬಲ್ಲ ಬಿಸಿ ಮೂರೂವರೆ ಕಿಲೋವ್ಯಾಟ್ ಅಷ್ಟೇ. ಹಳೆಯ ಬೂದು ಕಾಂಕ್ರೀಟು ಬಿದ್ದ ಬಿಸಿಲಿನಲ್ಲಿ ಮೂರನೇ ಒಂದು ಪಾಲನ್ನೂ ಸರಿಯಾಗಿ ವಾಪಸ್ ಕಳಿಸುವುದಿಲ್ಲ, ಮಿಕ್ಕಿದ್ದನ್ನೆಲ್ಲ ಹೀರಿಕೊಳ್ಳುತ್ತದೆ. ಹೀರಿದ್ದೆಲ್ಲ ಒಳಗೆ ಇಳಿಯುವುದಿಲ್ಲ, ಬಹಳಷ್ಟು ಗಾಳಿಗೆ ಹೋಗುತ್ತದೆ. ಇಳಿಯುವ ಚೂರು ಪಾಲೇ ನಮ್ಮನ್ನು ಸುಡಲು ಸಾಕು. ಅದೇ ಸ್ಲ್ಯಾಬಿಗೆ ಒಳ್ಳೆಯ ಬಿಳಿ ಹೊದಿಕೆ ಇದ್ದರೆ ಹೊಸದರಲ್ಲಿ ನೂರಕ್ಕೆ 80ರಷ್ಟು ಬಿಸಿಲು ಬಂದ ದಾರಿಗೇ ವಾಪಸ್ ಹೋಗುತ್ತದೆ.

ರಾತ್ರಿಯ ಕಷ್ಟ ಇನ್ನೊಂದು. ಸ್ಲ್ಯಾಬು ರೊಟ್ಟಿ ಹೆಂಚಿನ ಹಾಗೆ. ಕಾಯೋಕೆ ಹೊತ್ತು ಬೇಕು, ಕಾದ ಮೇಲೆ ಒಲೆ ಆರಿಸಿದರೂ ಬಿಸಿ ಬಿಡುವುದಿಲ್ಲ. ಮೇಲಿನ ಬಿಸಿ ಕೆಳಗೆ ಇಳಿಯೋಕೆ ಮೂರ್ನಾಲ್ಕು ಗಂಟೆ ಹಿಡಿಯುತ್ತದೆ. ಹಾಗಾಗಿ ಹೊರಗೆ ಬಿಸಿಲು ಇಳಿದ ಮೇಲೆ ನಮ್ಮ ಕೋಣೆ ಕಾಯತೊಡಗುತ್ತದೆ. ರಾತ್ರಿ ಹತ್ತು ಗಂಟೆಗೆ ಹೊರಗೆ ತಣ್ಣನೆ ಗಾಳಿ ಇರುತ್ತದೆ, ಒಳಗೆ ಮಂಚದ ಮೇಲೆ ಮಲಗಿದವರ ಮುಖಕ್ಕೆ ಮೇಲಿಂದ ಕಾವು ಹೊಡೆಯುತ್ತಿರುತ್ತದೆ. ಫ್ಯಾನು ಆ ಬಿಸಿ ಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಗಂಡಸರು, ಹುಡುಗರು ಮಾಳಿಗೆ ಮೇಲೆ ಹಾಸಿಗೆ ಹಾಕಿಕೊಳ್ಳಬಹುದು. ಬಾಣಂತಿ ಎಲ್ಲಿ ಮಲಗಬೇಕು? ಮೆಟ್ಟಿಲು ಹತ್ತಲಾಗದ ಅಜ್ಜ ಅಜ್ಜಿ ಎಲ್ಲಿ ಮಲಗಬೇಕು? ಬಿಸಿಲಿನ ಹೊಡೆತ ಅಂದರೆ ರಸ್ತೆಯಲ್ಲಿ ಕುಸಿದು ಬೀಳುವುದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ರಾತ್ರಿಯಿಡೀ ಮೈ ತಣ್ಣಗಾಗದೆ, ನಿದ್ದೆ ಇಲ್ಲದೆ, ಮರುದಿನ ಮತ್ತೆ ಅದೇ ಬಿಸಿಲಿಗೆ ಬೀಳುವ ಮೈಗೆ ಮನೆಯೊಳಗೇ ಆ ಹೊಡೆತ ಬೀಳುತ್ತದೆ.

ನಮ್ಮ ಹಿರಿಯರು ಇದಕ್ಕೆ ದಾರಿ ಕಂಡುಕೊಂಡಿದ್ದರು. ತೊಲೆ, ಜಂತಿ ಹಾಕಿ, ಮೇಲೆ ದಪ್ಪಗೆ ಮಣ್ಣು ಹಾಕಿದ ಮಾಳಿಗೆ ಮನೆಗಳು ಇನ್ನೂ ಹಳ್ಳಿಗಳಲ್ಲಿವೆ. ಮೇಲೆ ಚೌಳು ಮಣ್ಣು ಹರಡಿದರೆ ನೀರೂ ಇಳಿಯುವುದಿಲ್ಲ, ಬಿಸಿಲೂ ಇಳಿಯುವುದಿಲ್ಲ. ಹಾಗಂತ ಎಲ್ಲರೂ ಹಳೆ ಮನೆಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಆ ಮಾಳಿಗೆಗೆ ವರ್ಷ ವರ್ಷ ಆರೈಕೆ ಬೇಕು. ಕಟ್ಟಿಗೆ ಸಿಗುವುದಿಲ್ಲ. ಮಳೆ ಜಾಸ್ತಿಯಾದ ವರ್ಷ ಮಣ್ಣಿನ ಮನೆ ಕುಸಿದು ಸತ್ತವರ ಸುದ್ದಿ ನಾವೆಲ್ಲ ಓದಿದ್ದೇವೆ. ಜನ ಸ್ಲ್ಯಾಬ್ ಬೇಕು ಅಂದದ್ದು ಸರಿಯೇ. ತಪ್ಪಾದದ್ದು ಇಷ್ಟೇ: ಮಣ್ಣು ತೆಗೆದೆವು, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಕ್ಕೂ ಒಪ್ಪಿಸಲಿಲ್ಲ.

ಯುಗಾದಿಗೆ, ದಸರೆಗೆ ನಾವು ಗೋಡೆಗೆ ಸುಣ್ಣ ಬಣ್ಣ ಹೊಡೆಸುತ್ತೇವೆ. ಮಾಳಿಗೆಗೂ ಬಿಳಿ ಹಚ್ಚಬೇಕು ಅಂದಾಗ ನಮ್ಮ ಗೌಂಡಿ ಕೇಳಿದ್ದು, "ಮ್ಯಾಲ ಬಣ್ಣ ಹಚ್ಚಿದ್ರ ಯಾರ್ ನೋಡ್ತಾರ್ರೀ ಸರ?" ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವನು ಕಟ್ಟಿದ ಯಾವ ಮನೆಯಲ್ಲೂ ಯಾರೂ ಕೇಳಿರಲಿಲ್ಲ. ಹಚ್ಚಿದ ಮೇಲೆ ಸಂಜೆ ಕೋಣೆಯೊಳಗೆ ಸ್ಟೂಲಿನ ಮೇಲೆ ನಿಂತು ಸ್ಲ್ಯಾಬಿಗೆ ಕೈ ಇಟ್ಟು ನೋಡಿದವನೂ ಅವನೇ. ಮೊದಲು ಅಲ್ಲಿ ಕೈ ಇಟ್ಟರೆ ಬಿಸಿ ತಟ್ಟುತ್ತಿತ್ತು. ಈಗ ಅವನೇ ಬೇರೆಯವರಿಗೆ ಹೇಳುತ್ತಾನೆ.

ಮನೆಯವರಿಗೆ ಇದರಿಂದ ಸಿಗುವ ಲಾಭ ಏನೇನು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಈ ಪತ್ರ ನಿಮಗೆ ಬರೆದದ್ದಾದರೂ ಮನೆ ಕಟ್ಟಿಸುತ್ತಿರುವವರು, ಕಟ್ಟಿಸಿದವರು ಕೂಡ ಓದಲಿ ಅಂತ ನನ್ನ ಆಸೆ.

ಮೊದಲನೆಯದು ಒಳಗಿನ ತಂಪು. ಬಿಳಿ ಹೊದಿಕೆಯಿಂದ ಮನೆಯೊಳಗೆ ಸಾಮಾನ್ಯವಾಗಿ 2ರಿಂದ 5 ಡಿಗ್ರಿ ಇಳಿಯುತ್ತದೆ ಅಂತ ಲೆಕ್ಕ. ಮನೆ ಹೇಗಿದೆ, ಕಿಟಕಿ ಎಷ್ಟಿವೆ ಅನ್ನುವುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. ಈ ಲಾಭ ಮೇಲಿನ ಅಂತಸ್ತಿಗೆ ಮಾತ್ರ. ಮೂರು ಅಂತಸ್ತಿನ ಮನೆಯಲ್ಲಿ ಕೆಳಗಿರುವವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ನಮ್ಮ ಜಿಲ್ಲೆಗಳಲ್ಲಿ ಬಹುಪಾಲು ಮನೆ ಒಂದೇ ಅಂತಸ್ತು. ಅಂದರೆ ಪೂರ್ತಿ ಮನೆಗೆ ಲಾಭ.

ಎರಡನೆಯದು ಕರೆಂಟು. ಇಲ್ಲಿ ಗೃಹಜ್ಯೋತಿಯ ಮಾತು ಬರುತ್ತದೆ. ತಿಂಗಳಿಗೆ 200 ಯೂನಿಟ್ ಉಚಿತ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರತಿ ಮನೆಗೂ 200 ಸಿಗುವುದಿಲ್ಲ. 2022-23ರ ವರ್ಷದ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ 10 (ತೀರಾ ಕಡಿಮೆ ಬಳಸುವ ಮನೆಗಾದರೆ 10 ಯೂನಿಟ್). ಅಷ್ಟೇ ಆ ಮನೆಯ ಪಾಲು. ಈ ಸರಾಸರಿ ಹನ್ನೆರಡು ತಿಂಗಳದ್ದು. ನಮ್ಮ ಕಡೆ ಡಿಸೆಂಬರಿನಲ್ಲಿ ಫ್ಯಾನೂ ತಿರುಗುವುದಿಲ್ಲ, ಮೇ ತಿಂಗಳಲ್ಲಿ ಕೂಲರ್ ಹಗಲು ರಾತ್ರಿ ನಿಲ್ಲುವುದಿಲ್ಲ. 80 ಯೂನಿಟ್ ಪಾಲಿರುವ ಮನೆ ಮೇ ತಿಂಗಳಲ್ಲಿ 130 ಮುಟ್ಟಿದರೆ ಮೇಲಿನ 50ಕ್ಕೆ ದುಡ್ಡು ಕಟ್ಟಬೇಕು. ಎಸಿ ಇದ್ದು 200 ದಾಟಿತೋ, ಪೂರ್ತಿ ಬಿಲ್ಲು ಕಟ್ಟಬೇಕು. ಬೇಸಿಗೆಯ ಆ ಮೂರು ತಿಂಗಳಲ್ಲಿ ಛಾವಣಿ ತಂಪಿದ್ದರೆ ಮನೆಯವರ ಜೇಬಿಗೆ ನೇರ ಉಳಿತಾಯ. ಪಾಲಿನೊಳಗೆ ಉಳಿದ ಯೂನಿಟ್ಟಿನ ದುಡ್ಡು ಯಾರದು? ಸರಕಾರದ್ದೇ ಅಲ್ವಾ? ಉಚಿತ ಕರೆಂಟಿಗೆ ವರ್ಷ ವರ್ಷ ಹಣ ಕೊಡುವ ಸರಕಾರಕ್ಕೆ ತಂಪು ಛಾವಣಿ ಲಾಭದ ಬಾಬತ್ತು. ಇಂಧನ ಇಲಾಖೆಯವರು ಈ ಲೆಕ್ಕವನ್ನು ಒಮ್ಮೆ ಕೂತು ಹಾಕಬೇಕು.

ಮೂರನೆಯದನ್ನು ಊರಿನ ಹೊರಗಿನವರು ಯಾರೂ ಹೇಳುವುದಿಲ್ಲ. ನೀರು. ನಮ್ಮದು ಒಣ ಸೆಕೆ, ಅದಕ್ಕೇ ಇಲ್ಲಿ ಎಸಿಗಿಂತ ಕೂಲರ್ ಜಾಸ್ತಿ. ಕೂಲರ್ ನೀರು ಕುಡಿಯುತ್ತದೆ. ಒಂದು ಸಲ ತುಂಬಿಸಿದರೆ ಸಂಜೆಗೆ ಖಾಲಿ. ನಲ್ಲಿ ನೀರು ಯಾವಾಗ ಬರುತ್ತದೋ ಅಂತ ಕಾಯುವ ತಿಂಗಳುಗಳಲ್ಲೇ ಕೊಡಗಟ್ಟಲೆ ನೀರು ಕೂಲರಿಗೆ ಸುರಿಯಬೇಕು. ಅದನ್ನು ಹೊತ್ತು ಹಾಕುವವರು ಹೆಂಗಸರು. ಕೂಲರ್ ಎರಡು ಗಂಟೆ ಕಡಿಮೆ ತಿರುಗಿದರೂ ಅವರಿಗೆ ಅಷ್ಟು ಹಗುರ.

ಇನ್ನು ಸ್ಲ್ಯಾಬಿನ ಆಯುಷ್ಯ. ಹಗಲು ಕಾದು ಹಿಗ್ಗುವುದು, ರಾತ್ರಿ ಆರಿ ಕುಗ್ಗುವುದು, ಪ್ರತಿ ದಿನ ಇದೇ. ಕೂದಲೆಳೆಯಂಥ ಸೀಳು ಬಿಡುತ್ತದೆ, ಮಳೆಗಾಲದಲ್ಲಿ ಸೋರುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ತಂಪಿದ್ದ ಸ್ಲ್ಯಾಬು ಕಡಿಮೆ ಹಿಗ್ಗುತ್ತದೆ. ಸೋರಿಕೆ ರಿಪೇರಿಗೆ ಹಣ ಸುರಿದವರಿಗೆ ಇದರ ಬೆಲೆ ಗೊತ್ತು.

ಇದು ದೊಡ್ಡ ತಂತ್ರಜ್ಞಾನ ಏನಲ್ಲ. ಎಲ್ಲಕ್ಕಿಂತ ಅಗ್ಗದ್ದು ಸುಣ್ಣ, ಚದರಡಿಗೆ ಕೆಲವೇ ರೂಪಾಯಿ. ಹಿಂದಿನ ರಾತ್ರಿ ನೆನೆಸಿ, ಸೋಸಿ, ಅಂಟು ಬೆರೆಸಿ ಎರಡು ಮೂರು ಕೈ ಹೊಡೆಯಬೇಕು. ಮೊದಲು ಮಾಳಿಗೆಯನ್ನು ಬ್ರಶ್ಶಿನಿಂದ ತಿಕ್ಕಿ ತೊಳೆಯಬೇಕು. ಬಿಸಿಲಲ್ಲಿ ಹೊಡೆದರೆ ಸುಣ್ಣ ಹಿಡಿಯುವ ಮೊದಲೇ ಒಣಗಿ ಪುಡಿಯಾಗುತ್ತದೆ, ಹಾಗಾಗಿ ಸಂಜೆ, ಸ್ವಲ್ಪ ನೀರು ಚಿಮುಕಿಸಿ ಹೊಡೆಯಬೇಕು. ಶಿವರಾತ್ರಿ ಆದ ಮೇಲೆ, ಯುಗಾದಿಯೊಳಗೆ ಮುಗಿಸಿದರೆ ಆ ಬೇಸಿಗೆಗೆ ಸಾಕು. ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೊಡೆಯಬೇಕು. ಅದಕ್ಕಿಂತ ಬಾಳಿಕೆ ಬೇಕಾದವರಿಗೆ ಬಿಸಿಲು ತಡೆಯುವ ಬಿಳಿ ಪೇಂಟುಗಳಿವೆ. ಬೆಲೆ ಸುಣ್ಣದ ಹಲವು ಪಟ್ಟು, ಆದರೆ ಕೆಲವು ವರ್ಷ ಉಳಿಯುತ್ತವೆ, ಜೊತೆಗೆ ಸೋರಿಕೆಯನ್ನೂ ತಡೆಯುತ್ತವೆ. ಪೇಂಟ್ ಕೊಳ್ಳುವಾಗ ಬಿಸಿಲನ್ನು ಎಷ್ಟು ವಾಪಸ್ ಕಳಿಸುತ್ತದೆ ಅನ್ನುವ ಅಂಕಿ ಡಬ್ಬಿಯ ಮೇಲೆ ಇದೆಯೋ ನೋಡಬೇಕು. ಬರೀ ಬಿಳಿ ಬಣ್ಣ ಅಂತ ಗೋಡೆಯ ಪೇಂಟ್ ತಂದು ಮಾಳಿಗೆಗೆ ಬಳಿದರೆ ಬೇಗ ಸಿಪ್ಪೆ ಏಳುತ್ತದೆ.

ನಮ್ಮ ಮಾಳಿಗೆ ಸುಮ್ನೆ ಖಾಲಿ ಬಿದ್ದಿರುವುದಿಲ್ಲ ಅನ್ನುವುದೂ ನೆನಪಿರಲಿ. ತೊಗರಿ ಒಣಗಿಸುತ್ತೇವೆ, ಹಪ್ಪಳ ಸಂಡಿಗೆ ಹಾಕುತ್ತೇವೆ, ಮೆಣಸಿನಕಾಯಿ ಹರಡುತ್ತೇವೆ, ರಾತ್ರಿ ಮಲಗುತ್ತೇವೆ. ಜಾಸ್ತಿ ಓಡಾಡುವ ಮಾಳಿಗೆಗೆ ಒಡೆದ ಬಿಳಿ ಟೈಲ್ಸ್ ತುಂಡು ಕೂರಿಸುವುದು ಒಳ್ಳೆಯದು. ಒಮ್ಮೆ ಖರ್ಚು, ಆಮೇಲೆ ತೊಳೆದರೆ ಸಾಕು. ಹೊಸದಾಗಿ ಕಟ್ಟುವವರು ಅದರ ಕೆಳಗೆ ಇಟ್ಟಿಗೆ ಚೂರು ಮತ್ತು ಸುಣ್ಣದ ಸುರ್ಕಿ ಹಾಕಿಸಿ, ನೀರು ಹರಿಯುವಂತೆ ಇಳಿಜಾರು ಮಾಡಿಸಿಕೊಂಡರೆ ಎರಡು ಕೆಲಸ ಒಂದೇ ಸಲಕ್ಕೆ ಆಗುತ್ತದೆ. ಬಿಳಿ ಮೇಲ್ಮೈ ಬಿಸಿಲನ್ನು ವಾಪಸ್ ಕಳಿಸುತ್ತದೆ, ಸುರ್ಕಿ ಉಳಿದ ಕಾವನ್ನು ತಡೆಯುತ್ತದೆ. ಯಾವುದೇ ಹೊದಿಕೆಯಾದರೂ ನಮ್ಮ ಧೂಳಿಗೆ ಬಣ್ಣಗೆಡುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಯದಿದ್ದರೆ ಅರ್ಧ ಲಾಭ ಧೂಳಿನ ಪಾಲು.

ತಗಡಿನ ಮನೆಗಳ ಬಗ್ಗೆ ಬೇರೆಯಾಗಿ ಹೇಳಬೇಕು. ತಾಂಡಾಗಳಲ್ಲಿ, ಊರಂಚಿನ ಬಡಾವಣೆಗಳಲ್ಲಿ, ಕೂಲಿಯವರ ಶೆಡ್ಡುಗಳಲ್ಲಿ ತಲೆ ಮೇಲೆ ತಗಡು. ಹೊಸ ತಗಡು ಫಳಫಳ ಹೊಳೆಯುತ್ತದೆ, ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ಕಾಣುತ್ತದೆ. ಆದರೂ ಒಳಗೆ ಕೂರಲಾಗುವುದಿಲ್ಲ. ಕಾರಣ, ಹೊಳೆಯುವ ಲೋಹ ಹೀರಿಕೊಂಡ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಬಿಳಿ ಬಣ್ಣಕ್ಕೆ ಎರಡೂ ಗುಣ ಇವೆ: ಬಿಸಿಲನ್ನು ವಾಪಸ್ ಕಳಿಸುತ್ತದೆ, ಹೀರಿದ ಕಾವನ್ನೂ ಬಿಡುತ್ತದೆ. ತೆಳು ತಗಡಿಗೆ ಬಿಳಿ ಹಚ್ಚಿದರೆ ವ್ಯತ್ಯಾಸ ಅದೇ ಮಧ್ಯಾಹ್ನ ಗೊತ್ತಾಗುತ್ತದೆ. ದುಡ್ಡು ಕಡಿಮೆ ಇದ್ದರೆ ಮೊದಲು ಖರ್ಚು ಮಾಡಬೇಕಾದ್ದು ಈ ಮನೆಗಳಿಗೆ.

ಬೇರೆಯವರು ಇದನ್ನು ಮಾಡಿ ತೋರಿಸಿದ್ದಾರೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಗಾಳಿಗೆ ಆ ತಿಂಗಳ ವಾಡಿಕೆಗಿಂತ 1,344 ಜನ ಹೆಚ್ಚು ಸತ್ತರು. ಆ ನಗರ ಸುಮ್ಮನೆ ಕೂರಲಿಲ್ಲ. 2013ರಲ್ಲಿ ಬಿಸಿಗಾಳಿಗೆಂದೇ ಒಂದು ಯೋಜನೆ ಮಾಡಿಕೊಂಡಿತು, 2017ರಲ್ಲಿ ಕೊಳೆಗೇರಿಗಳ ಸುಮಾರು 3,000 ಛಾವಣಿಗಳಿಗೆ ಬಿಳಿ ಹಚ್ಚಿಸಿತು. ನಮ್ಮ ಪಕ್ಕದ ತೆಲಂಗಾಣ 2023ರ ಏಪ್ರಿಲಿನಲ್ಲಿ ತಂಪು ಛಾವಣಿ ನೀತಿ ತಂದಿತು. 2028ರ ಹೊತ್ತಿಗೆ 300 ಚದರ ಕಿಲೋಮೀಟರ್ ತಂಪು ಛಾವಣಿ ಆಗಬೇಕು ಅನ್ನುವ ಗುರಿ, ಅದರಲ್ಲಿ 200 ಹೈದರಾಬಾದಿಗೆ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರು ಇದ್ದದ್ದು ಹೈದರಾಬಾದ್ ರಾಜ್ಯದಲ್ಲೇ. ಗಡಿ ಬದಲಾಯಿತು, ಬಿಸಿಲು ಬದಲಾಗಲಿಲ್ಲ. ನಾರಾಯಣಪೇಟೆಗೆ ಬೇಕಾದ ನೀತಿ ಯಾದಗಿರಿಗೆ ಬೇಡವೇ?

ಆದರೆ ತೆಲಂಗಾಣದ್ದನ್ನು ಹಾಗೇ ನಕಲು ಮಾಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಅಲ್ಲಿ ಸರಕಾರಿ ಕಟ್ಟಡಗಳಿಗೆ ಕಡ್ಡಾಯ, ಸರಿ. ಮನೆಗಳಿಗೆ ಕಡ್ಡಾಯ ಆಗೋದು 600 ಚದರ ಗಜ ದಾಟಿದರೆ. ಅಂದರೆ 5,400 ಚದರಡಿ. ಅದಕ್ಕಿಂತ ಚಿಕ್ಕದಕ್ಕೆ ಮಾಲೀಕರ ಇಷ್ಟ. ಕೇಂದ್ರದವರು 2018ರಲ್ಲಿ ಮನೆಗಳಿಗಾಗಿ ತಂದ ಇಕೋ ನಿವಾಸ್ ಸಂಹಿತೆಯಲ್ಲೂ ಹೀಗೇ ಇದೆ. ಛಾವಣಿಯಿಂದ ಎಷ್ಟು ಕಾವು ಇಳಿಯಬಹುದು ಅನ್ನುವುದಕ್ಕೆ ಅದರಲ್ಲಿ ಒಳ್ಳೆಯ ಮಿತಿ ಇದೆ. ಬರಿ ಸ್ಲ್ಯಾಬು ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ, ಎರಡು ಪಟ್ಟಿಗಿಂತ ಜಾಸ್ತಿ ಕಾವು ಬಿಡುತ್ತದೆ. ಆದರೆ ಅದೂ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನನ್ನ ಮೂವತ್ತು-ನಲವತ್ತರ ಸೈಟು 1,200 ಚದರಡಿ. ಬಸವ ವಸತಿಯ ಮನೆ ಇನ್ನೂ ಚಿಕ್ಕದು. ದೊಡ್ಡ ಮನೆಯವರು ಎಸಿ ಹಾಕಿಕೊಂಡು ಹೇಗೋ ಇರುತ್ತಾರೆ. ಬಿಸಿಲು ತಟ್ಟುವುದು ಚಿಕ್ಕ ಮನೆಗೆ, ನಿಯಮ ಇರುವುದು ದೊಡ್ಡ ಮನೆಗೆ. ಈ ಲೆಕ್ಕ ತಿರುಗಬೇಕು.

ರಾಜ್ಯಕ್ಕೆಲ್ಲ ಒಂದೇ ನಿಯಮವೂ ಬೇಡ. ಮಡಿಕೇರಿ, ಸಾಗರ, ಶಿರಸಿಯ ಚಿಂತೆ ಮಳೆಯದ್ದು. ಕರಾವಳಿಯವರಿಗೆ ಇಳಿಜಾರು ಹೆಂಚಿನ ಮನೆಯ ಅನುಕೂಲ ಗೊತ್ತು, 1865ರಿಂದಲೂ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚು ಸುಟ್ಟವರು ಅವರು. ನಾನು ಕೇಳುತ್ತಿರುವುದು ಕಲ್ಯಾಣ ಕರ್ನಾಟಕದ ಏಳು ಜಿಲ್ಲೆ, ಜೊತೆಗೆ ವಿಜಯಪುರ, ಬಾಗಲಕೋಟೆ. ಕಚೇರಿ ವೇಳೆ ಬದಲಾಗುವ ಜಿಲ್ಲೆಗಳ ಪಟ್ಟಿ ನಿಮ್ಮ ಬಳಿ ಹೇಗೂ ಇದೆ. ಅದನ್ನೇ ಹಿಡಿದುಕೊಳ್ಳಿ.

ಕೆಲಸ ಶುರು ಮಾಡಲು ಹೊಸ ಇಲಾಖೆ ಬೇಕಿಲ್ಲ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಹಣ ಫಲಾನುಭವಿಗೆ ಹಂತ ಹಂತವಾಗಿ ಬರುತ್ತದೆ. ತಳಪಾಯ, ಲಿಂಟಲ್, ಛಾವಣಿ, ಕೊನೆಗೆ ಪೂರ್ತಿ ಮನೆ. ಪ್ರತಿ ಹಂತಕ್ಕೂ ಫೋಟೋ ಹಾಕುತ್ತಾರೆ. ಕೊನೆಯ ಹಂತದ ಫೋಟೋದಲ್ಲಿ ಮಾಳಿಗೆಯ ಮೇಲ್ಮೈಯೂ ಇರಲಿ, ಅದು ಬಿಳಿ ಇರಲಿ. ಆದರೆ ಅದರ ಖರ್ಚನ್ನು ಬಡವರ ತಲೆಗೆ ಕಟ್ಟಬೇಡಿ. ಯೋಜನೆಯ ಮೊತ್ತಕ್ಕೆ ಅದನ್ನು ಸೇರಿಸಿ ಕೊಡಿ. ಷರತ್ತು ಮಾತ್ರ ಹಾಕಿ ಹಣ ಕೊಡದಿದ್ದರೆ ಕೊನೆಯ ಕಂತು ನಿಲ್ಲುತ್ತದೆ ಅಷ್ಟೇ, ಮನೆ ತಂಪಾಗುವುದಿಲ್ಲ.

ಸ್ವಂತ ದುಡ್ಡಿನಲ್ಲಿ ಕಟ್ಟಿದವರಿಗೆ ದೊಡ್ಡ ಸಹಾಯಧನ ಬೇಕಿಲ್ಲ. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ ಕೊಡುತ್ತೀರಿ. ತಂಪು ಛಾವಣಿ ಇರುವ ಮನೆಗೂ ಅಂಥದ್ದೊಂದು ಚಿಕ್ಕ ರಿಯಾಯಿತಿ ಕೊಟ್ಟರೆ ಜನರೇ ಮುಂದೆ ಬರುತ್ತಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಹಾಯಧನ ಸಿಗುತ್ತದೆ. ಸೋಲಾರ್ ಒಳ್ಳೆಯದೇ, ಪ್ಯಾನೆಲ್ ಇದ್ದ ಕಡೆ ಮಾಳಿಗೆಗೆ ನೆರಳೂ ಆಗುತ್ತದೆ. ಆದರೆ ಕರೆಂಟು ಹುಟ್ಟಿಸಲು ಅಷ್ಟು ಕೊಡುವವರು, ಕರೆಂಟಿನ ಅಗತ್ಯವನ್ನೇ ಕಡಿಮೆ ಮಾಡುವ ಬಿಳಿ ಹೊದಿಕೆಗೆ ಏನೂ ಕೊಡುವುದಿಲ್ಲ. ಪ್ಯಾನೆಲ್ ಕಾದಷ್ಟೂ ಕಡಿಮೆ ಕರೆಂಟು ಕೊಡುತ್ತದೆ, ಒಂದೊಂದು ಡಿಗ್ರಿಗೂ ನೂರಕ್ಕೆ 0.3ರಿಂದ 0.4ರಷ್ಟು ಇಳಿಯುತ್ತದೆ. ಎರಡನ್ನೂ ಜೊತೆಗೆ ಕೊಟ್ಟರೆ ಎರಡಕ್ಕೂ ಒಳ್ಳೆಯದು.

ಪ್ರದೇಶಾಭಿವೃದ್ಧಿ ಮಂಡಳಿಯವರಲ್ಲಿ ನನ್ನ ಬೇಡಿಕೆ ಬೇರೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಿಮ್ಮ ಹಣದಲ್ಲಿ ನಮ್ಮ ಜಿಲ್ಲೆಗಳಲ್ಲಿ ಎಷ್ಟೋ ಶಾಲಾ ಕೋಣೆಗಳು, ಅಂಗನವಾಡಿಗಳು, ಆಸ್ಪತ್ರೆ ಕಟ್ಟಡಗಳು ಎದ್ದಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಅದೇ ಬರಿ ಸ್ಲ್ಯಾಬು. ಮೊದಲು ಅವುಗಳಿಂದ ಶುರು ಮಾಡಿ. ಅಂಗನವಾಡಿಯಲ್ಲಿ ಮಧ್ಯಾಹ್ನ ಮಲಗುವ ಕೂಸುಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಹೆರಿಗೆ ಕೋಣೆಗೆ ಈ ತಂಪು ಎಲ್ಲರಿಗಿಂತ ಮುಂಚೆ ಬೇಕು. ಹಚ್ಚುವ ಕೆಲಸವನ್ನು ಆಯಾ ಊರಿನ ಸ್ವಸಹಾಯ ಸಂಘಗಳ ಹೆಂಗಸರಿಗೆ ಕೊಡಿ. ಸುಣ್ಣ ಹಚ್ಚುವುದು ಅವರಿಗೆ ಹೊಸದೇನಲ್ಲ. ಊರಿನ ಜನ ಅಂಗನವಾಡಿಯೊಳಗೆ ಕಾಲಿಟ್ಟು ತಂಪು ನೋಡಿದರೆ ತಮ್ಮ ಮನೆಗೂ ಹಚ್ಚುತ್ತಾರೆ. ಯಾವ ಜಾಹೀರಾತೂ ಬೇಕಾಗುವುದಿಲ್ಲ.

ರಾಯಚೂರಿನ ಶಕ್ತಿನಗರದಲ್ಲಿ 1,720 ಮೆಗಾವ್ಯಾಟಿನ ವಿದ್ಯುತ್ ಕೇಂದ್ರ ಇದೆ. ನಮ್ಮ ಸೀಮೆ ಹತ್ತಾರು ವರ್ಷ ಕಲ್ಲಿದ್ದಲಿನ ಬೂದಿ ಉಂಡು ರಾಜ್ಯಕ್ಕೆ ಬೆಳಕು ಕೊಟ್ಟಿದೆ. ಅದೇ ಸೀಮೆಯ ಜನ ರಾತ್ರಿ ಮಲಗಲು ಒಂದು ತಂಪಾದ ಕೋಣೆ ಕೇಳಿದರೆ ಅದು ದೊಡ್ಡ ಬೇಡಿಕೆ ಅಂತ ನನಗನ್ನಿಸುವುದಿಲ್ಲ.

ಟೆಂಡರು, ಮಂಜೂರಾತಿ ಎಲ್ಲ ಮುಗಿದು ಮಾಳಿಗೆ ಮೇಲೆ ಕೈ ಹತ್ತುವಷ್ಟರಲ್ಲಿ ಬೇಸಿಗೆ ಕಳೆದಿರುತ್ತದೆ ಅನ್ನುವುದೇ ನನ್ನ ಭಯ. ಈ ಕೆಲಸ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಆಗಬೇಕು. ಅದಕ್ಕೆ ಆದೇಶ ದೀಪಾವಳಿಯೊಳಗೆ ಹೊರಬೀಳಬೇಕು. ಏಪ್ರಿಲ್‌ನಲ್ಲಿ ಕಚೇರಿ ವೇಳೆ ಬದಲಾಯಿಸುವ ಕಡತ ನಿಮ್ಮ ಮುಂದೆ ಬರುವ ಮುಂಚೆ ಈ ಕಡತಕ್ಕೆ ಸಹಿ ಹಾಕಿ.

ಇಂತಿ ನಿಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಮನೆ ಮಾಲೀಕ